ಯಜಮಾನರನ್ನು ಗುರುತಿಸದ ಡಬ್ಬಿಯವರಿಗೆ

ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲು ಗಂಟೆ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ನಡುಮನೆಯಲ್ಲಿ, ಟೀವಿಯ ಪಕ್ಕ, ನಾನೇ ಹೆಣೆದ ಕ್ರೋಶಾ ಹೊದಿಕೆಯ ಕೆಳಗೆ ತಣ್ಣಗೆ ಕುಳಿತಿರುವ ಕಪ್ಪು ಕಂಪ್ಯೂಟರಿನೊಳಗೆ ವಾಸವಾಗಿರುವ ಮಾನ್ಯ ಕಂಟೈನರ್ ಅವರೇ,

ತಮಗೆ ಅನಂತ ನಮಸ್ಕಾರಗಳು. ಸಾಷ್ಟಾಂಗವಾಗಿಯೇ ಸಲ್ಲಿಸಬೇಕೆಂದಿದ್ದೆ, ಮಂಡಿ ಒಪ್ಪದ ಕಾರಣ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೇ ಸಲ್ಲಿಸುತ್ತಿದ್ದೇನೆ. ಬಂದದ್ದನ್ನೆಲ್ಲ ತಿರಸ್ಕರಿಸುವುದು ತಮಗೆ ರೂಢಿಯಾಗಿದ್ದರೂ ಇದೊಂದನ್ನು ದಯಮಾಡಿ ಸ್ವೀಕರಿಸಬೇಕು.

ಮೂವತ್ತು ವರ್ಷದಿಂದ ದಿನಚರಿ ಬರೆಯುತ್ತಿರುವವಳಾದ್ದರಿಂದ ಯಾವ ಕಾಗದ ಹಿಡಿದರೂ ಮೊದಲು ಹೊತ್ತು, ಆಮೇಲೆ ಆ ದಿನ ಆದದ್ದು, ಇಷ್ಟು ಬರೆಯದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಇವತ್ತು ಈವರೆಗೆ ಆದದ್ದು: ಹಾಲಿನ ಪ್ಯಾಕೆಟ್ ಒಂದು ಸೋರಿತ್ತು. ಹೀರೇಕಾಯಿ ಕಹಿಯಾಗಿತ್ತು, ಬಿಸಾಡಿದೆ. ಮೋಡವಿದೆ, ಮಳೆಯಿಲ್ಲ. ತಾವು ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಐದೈದು ಸೆಕೆಂಡಿಗೆ ಒಮ್ಮೆ, ಸಂಪರ್ಕ ಸಿಗಲಿಲ್ಲ, ಮತ್ತೆ ಪ್ರಯತ್ನಿಸುತ್ತೇನೆ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಪರದೆಯ ಮೇಲೆ ಬರೆದಿದ್ದೀರಿ. ನಾಲ್ಕು ಗಂಟೆಗೆ ಎಷ್ಟಾಯಿತೆಂದು ಪೆನ್ಸಿಲಿನಲ್ಲಿ ಗುಣಿಸಿ ನೋಡಿದೆ. ಎರಡು ಸಾವಿರದ ಎಂಟುನೂರ ಎಂಬತ್ತು ಸಲ. ಕೆಲಸ ಮಾಡದೆ ಇರುವುದಕ್ಕೆ ಇಷ್ಟೊಂದು ಶ್ರದ್ಧೆಯಿಂದ ದುಡಿಯುವವರನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ, ಕಂಡ ಕಚೇರಿಗಳೇನು ಕಡಿಮೆಯಲ್ಲ.

ಈ ಪತ್ರದ ಇನ್ನೊಂದು ಪ್ರತಿಯನ್ನು ಪಾರ್ಕಿನ ಗೇಟಿನ ಬಳಿ ಇರುವ ನಮ್ಮ ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಬೋರ್ಡಿಗೆ ಅಂಟಿಸುತ್ತೇನೆ. ಹಾಲಿಗೆ ಹೋದರೂ ಸೊಪ್ಪಿಗೆ ಹೋದರೂ ಎಲ್ಲರೂ ಏನಾಯಿತೆಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ನಿಂತು ಹೇಳುವ ಶಕ್ತಿ ನನಗಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದವಳು. ಯಂತ್ರದ ವಿಷಯದಲ್ಲಿ ತಪ್ಪು ಬರೆದಿದ್ದರೆ ತಿಳಿದವರು ಬೋರ್ಡಿನ ಮೇಲೆಯೇ ತಿದ್ದಬಹುದು, ಪೆನ್ನು ಮಾತ್ರ ಅವರದೇ ಆಗಿರಲಿ.

ನಮ್ಮ ಯಜಮಾನರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಅದರಲ್ಲಿ ಹದಿನಾಲ್ಕು ವರ್ಷ ಡೈರೆಕ್ಟರಿ ಎನ್‌ಕ್ವೈರಿ ವಿಭಾಗ. ಊರಿನ ಜನ ಫೋನು ಮಾಡಿ ಹೆಸರು ಹೇಳುವುದು, ಇವರು ದಪ್ಪ ಪುಸ್ತಕ ತಿರುವಿ ನಂಬರು ಹೇಳುವುದು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ತಮ್ಮಂಥವರನ್ನು ಕಟ್ಟುವ ವಿದ್ಯೆಯನ್ನು ಕಲಿತರು. ಕಂಟೈನರ್ ಎಂದರೇನು ಎಂದು ನಾನು ಕೇಳಿದಾಗ ಅಡುಗೆಮನೆಯಿಂದ ಊಟದ ಕ್ಯಾರಿಯರ್ ತಂದು ಬಿಚ್ಚಿ ತೋರಿಸಿದರು. ಒಂದೊಂದು ಕೆಲಸಕ್ಕೂ ಒಂದೊಂದು ಡಬ್ಬಿ. ಒಂದರ ಸಾರು ಇನ್ನೊಂದರ ಪಲ್ಯಕ್ಕೆ ಸೇರಬಾರದು. ಹುಳಿ ಹಳಸಿದರೂ ಮೊಸರನ್ನ ಕೆಡಬಾರದು. ಆ ಡಬ್ಬಿಗಳು ತಮ್ಮೊಳಗೆ ಮಾತಾಡಬೇಕಾದರೆ ಹೆಸರು ಹಿಡಿದು ಕರೆಯಬೇಕು. ಅಷ್ಟು ನನಗೆ ಅರ್ಥವಾಯಿತು. ಕ್ಯಾರಿಯರ್ ತೊಳೆದಿಡಲು ಮಾತ್ರ ಅವರಿಗೆ ನೆನಪಾಗಲಿಲ್ಲ.

ಹೀಗೆ ಅವರು ಕಟ್ಟಿದ ಡಬ್ಬಿಗಳು ಎರಡು. ಒಂದು ತಾವು, ನೀರು ನೋಡುವ ಡಬ್ಬಿ. ತಾರಸಿಯ ಮೇಲಿನ ಟ್ಯಾಂಕಿಗೆ ಇಳಿಬಿಟ್ಟಿರುವ ವೈರಿನ ಮೂಲಕ ನೀರು ಅಂಚಿಗೆ ಬಂತೇ ಎಂದು ನೋಡುವುದು ತಮ್ಮ ಉದ್ಯೋಗ. ಇನ್ನೊಂದು ಬೈಯುವ ಡಬ್ಬಿ. ಅದರೊಳಗೆ ಹದಿನಾಲ್ಕು ಸೆಕೆಂಡಿನಷ್ಟು ನಮ್ಮ ಯಜಮಾನರ ಧ್ವನಿ ಇದೆ. ಟ್ಯಾಂಕ್ ತುಂಬಿದ ಕೂಡಲೇ ತಾವು ಅದನ್ನು ಕರೆಯಬೇಕು, ಅದು ತಾರಸಿಯ ಕಟ್ಟೆಗೆ ಕಟ್ಟಿರುವ ಹಾರ್ನಿನಲ್ಲಿ ಬೈಯಬೇಕು. ಬೈಗುಳ ಬೀದಿಗೆಲ್ಲ ಬಾಯಿಪಾಠವಾಗಿರುವುದರಿಂದ ಮರೆಮಾಚಿ ಪ್ರಯೋಜನವಿಲ್ಲ, ಇದ್ದ ಹಾಗೆಯೇ ಬರೆಯುತ್ತೇನೆ:

"ಉಮಾ! ಲೇ ಉಮಾ! ಟ್ಯಾಂಕ್ ತುಂಬಿ ಬೀದಿಗೆ ಹರೀತಿದೆ ಕಣೇ! ಮೋಟರ್ ಆಫ್ ಮಾಡೇ! ಕಾವೇರಿ ಏನು ನಿಮ್ಮಪ್ಪನ ಮನೆ ಹಿತ್ತಲಿಂದ ಬರ್ತಾಳಾ?"

ಕೊನೆಗೆ ನನ್ನ ಕುಕ್ಕರಿನ ಒಂದು ಸೀಟಿಯೂ ಇದೆ. ರೆಕಾರ್ಡು ಮಾಡುವಾಗ ಕೂಗಿಬಿಟ್ಟಿತು. ಮತ್ತೆ ಮಾಡಿ ಎಂದರೆ, ಇದೇ ಚೆನ್ನಾಗಿದೆ, ನಿಜವಾದ ಸಿಟ್ಟು ಒಂದೇ ಸಲ ಬರುವುದು ಎಂದರು.

ನಮ್ಮ ಬೀದಿಗೆ ನೀರು ಬುಧವಾರ ಮತ್ತು ಶನಿವಾರ. ಎಲ್ಲರೂ ಒಂದೇ ಹೊತ್ತಿಗೆ ಮೋಟರ್ ಹಾಕುವುದರಿಂದ ಹೆಚ್ಚು ಕಡಿಮೆ ಎಲ್ಲರ ಟ್ಯಾಂಕುಗಳೂ ಒಟ್ಟಿಗೆ ತುಂಬುತ್ತವೆ. ಹಾಗಾಗಿ ನನಗೆ ಬಿದ್ದ ಬೈಗುಳಕ್ಕೆ ಹನ್ನೆರಡು ಮನೆಯವರು ಎದ್ದು ಹೋಗಿ ಮೋಟರ್ ಆಫ್ ಮಾಡುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು. ಏಳು ತಿಂಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಅದು ಗುರುವಾರ. ಶನಿವಾರ ಬೆಳಗ್ಗೆ, ಮನೆ ತುಂಬ ನೆಂಟರಿದ್ದಾಗ, ಯಾರೋ ಪುಣ್ಯಾತ್ಮರು ಮೋಟರ್ ಹಾಕಿದ್ದರು. ಹಾರ್ನ್ ಕೂಗಿತು. ನಮ್ಮ ನಾದಿನಿ ಕೈಲಿದ್ದ ತಟ್ಟೆ ಬಿಟ್ಟರು. ನಾನು ಎದ್ದು ಹೋಗಿ ಆಫ್ ಮಾಡಿ ಬಂದೆ.

ಆಮೇಲೂ ವಾರಕ್ಕೆರಡು ಸಲ ತಪ್ಪದೆ ಬೈದರು. ಬೈಗುಳ ನಿಂತದ್ದು ಹನ್ನೊಂದು ದಿನದ ಹಿಂದೆ. ಆ ಶುಕ್ರವಾರ ಕರೆಂಟು ಹೋಗಿ ಬಂದಾಗ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವರು ಒಳಗಿನ ಫೈಲುಗಳನ್ನು ಉಳಿಸಿ ಹೊಸ ಯಂತ್ರಕ್ಕೆ ಹಾಕಿಕೊಟ್ಟರು. ಡಬ್ಬಿಗಳನ್ನು ಮಾತ್ರ ಮೊದಲಿನಿಂದ ಕಟ್ಟಬೇಕು ಎಂದರು. ಅದಕ್ಕೇನು, ನಮ್ಮ ಯಜಮಾನರು ಎಲ್ಲವನ್ನೂ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ಬರೆದಿಟ್ಟಿದ್ದಾರಲ್ಲ ಎಂದು ನಾನು ಧೈರ್ಯವಾಗಿದ್ದೆ. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿತ್ತು: ಒಂದು ಹೆಜ್ಜೆ ಸರಿಯಾಗದೆ ಮುಂದಿನದಕ್ಕೆ ಕೈ ಹಾಕಕೂಡದು. ನಾನು ಹಾಗೆಯೇ ನಡೆದುಕೊಂಡಿದ್ದೇನೆ. ಆಮೇಲೆ ತಮ್ಮ ದರ್ಶನವಾಯಿತು.

ಕಟ್ಟುವ ಹೊತ್ತಿನಲ್ಲಿ ತಾವು ಇಂಟರ್‌ನೆಟ್ಟಿನ ಯಾವುದೋ ಅಂಗಡಿಗಳಿಂದ ಸಾಮಾನು ತರಿಸಿಕೊಳ್ಳುತ್ತೀರಂತೆ. ನಾನು ಗುಂಡಿ ಒತ್ತಿದೆ. ತಾವು ಎರಡು ನಿಮಿಷ ಯೋಚಿಸಿ 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಎಂದಿರಿ. ಹೆಸರು ಹೇಳಿದರೆ ವಿಳಾಸ ಸಿಗುತ್ತಿಲ್ಲ, ಇದು ತಾತ್ಕಾಲಿಕ ಎಂದು ಅರ್ಥವಂತೆ. ತಾತ್ಕಾಲಿಕ ಎಂಬ ಪದದ ಮೇಲೆ ನನಗೆ ಗೌರವವಿದೆ. ನಮ್ಮ ಮುಖ್ಯರಸ್ತೆಯಲ್ಲಿ ತಾತ್ಕಾಲಿಕವಾಗಿ ಅಗೆದ ಗುಂಡಿಯ ಪಕ್ಕ ಈಗ ಒಂದು ಸೀಬೆ ಗಿಡ ಬೆಳೆದು ಕಾಯಿ ಬಿಟ್ಟಿದೆ. ಹಾಗಾಗಿ ತಾಳ್ಮೆಯಿಂದ ಕಾದೆ.

ಮರುದಿನ ವಸಂತಪುರದಿಂದ ಸಿದ್ದರಾಜು ಅವರು ಸ್ಕೂಟರಿನಲ್ಲಿ ಬಂದರು. ಇವರು ಎಕ್ಸ್‌ಚೇಂಜಿನಲ್ಲಿ ನಮ್ಮ ಯಜಮಾನರ ಪಕ್ಕದ ಕುರ್ಚಿಯವರು, ಪ್ರಪಂಚದ ಎಲ್ಲ ದೋಷಗಳಿಗೂ ಒಂದೇ ಕಾರಣವನ್ನು ಕಂಡುಕೊಂಡಿರುವವರು.

"ಅತ್ಗೆ, ಬರೆದಿಟ್ಕೊಳಿ, ಇದು ಅರ್ಥಿಂಗ್ ಪ್ರಾಬ್ಲಮ್ಮೇ," ಎಂದು ಹೇಳಿ ಅಂಗಳದ ಅರ್ಥಿಂಗ್ ಗುಂಡಿಗೆ ಎರಡು ಕೆಜಿ ಕಲ್ಲುಪ್ಪು, ನಾಲ್ಕು ಬಿಂದಿಗೆ ನೀರು ಸುರಿದು, ಎರಡು ಲೋಟ ಕಾಫಿ ಕುಡಿದು ಹೋದರು. ತಾವು ಕದಲಲಿಲ್ಲ. ಪಕ್ಕದಲ್ಲಿದ್ದ ಕರಿಬೇವಿನ ಗಿಡ ಮಾತ್ರ ಒಣಗುತ್ತಿದೆ.

ಆಮೇಲೆ ಮೇಲಿನ ಮನೆಯ ಬಾಡಿಗೆದಾರ ಸುಮೇಧ ಬಂದರು. ಬಿಳೇಕಹಳ್ಳಿಯ ಕಡೆ ಯಾವುದೋ ಕಂಪನಿಯಲ್ಲಿ ಇದೇ ಕೆಲಸ ಮಾಡುವವರು, ನಲವತ್ತು ದಾಟಿದೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಮೀಟಿಂಗು. ಮೀಟಿಂಗು ಕೇಳುವ ಕಿವಿಯ ಯಂತ್ರ ತೆಗೆದದ್ದನ್ನು ನಾನು ನೋಡಿಲ್ಲ. ತಮ್ಮ ಫೈಲನ್ನು ಅವರ ಲ್ಯಾಪ್‌ಟಾಪಿಗೆ ಹಾಕಿ ಕಟ್ಟಿ ನೋಡಿ ಖುಷಿಯಾಗಿ ಇಳಿದು ಬಂದರು.

"ಆಂಟಿ, ನನ್ ಲ್ಯಾಪ್‌ಟಾಪಲ್ಲಿ ಸಖತ್ತಾಗಿ ಓಡ್ತಿದೆ!"

"ಸಂತೋಷಪ್ಪ. ಹಾಗಾದ್ರೆ ಟ್ಯಾಂಕನ್ನೂ ನಿಮ್ ಲ್ಯಾಪ್‌ಟಾಪ್ ಮೇಲೇ ಕೂರಿಸೋಣ," ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೀಟಿಂಗಿನ ನಡುನಡುವೆ ಹತ್ತು ಹತ್ತು ನಿಮಿಷ ಬಂದು ಹುಡುಕಿದರು. ಮೂರನೇ ದಿನ ಸಿಕ್ಕಿತು. ಕೆಲವು ತಿಂಗಳ ಹಿಂದೆ ನಾವು ಇಂಟರ್‌ನೆಟ್ ಕಂಪನಿ ಬದಲಾಯಿಸಿದ್ದೆವು. ತಾವು ಮಾತ್ರ ಮುಚ್ಚಿಹೋದ ಹಳೆಯ ಕಂಪನಿಯ ವಿಳಾಸದ ಪುಸ್ತಕವನ್ನೇ ಕೇಳುತ್ತ ಕುಳಿತಿದ್ದಿರಿ. ಡೈರೆಕ್ಟರಿ ಎನ್‌ಕ್ವೈರಿಯಲ್ಲಿ ಹದಿನಾಲ್ಕು ವರ್ಷ ಕೂತವರ ಮನೆಯಲ್ಲಿ, ಅವರೇ ಕಟ್ಟಿದ ಡಬ್ಬಿ, ಹೆಸರಿಗೆ ವಿಳಾಸ ಸಿಗುತ್ತಿಲ್ಲವೆಂದು ಕೈ ಚೆಲ್ಲಿ ಕೂರುವುದೆಂದರೆ ಅದಕ್ಕೂ ಒಂದು ಪ್ರತಿಭೆ ಬೇಕು. ಸುಮೇಧ ಒಂದು ಸಾಲು ತಿದ್ದಿದರು. ತಾವು ಕಟ್ಟಿಸಿಕೊಂಡಿರಿ. ನಾನು ಶಾವಿಗೆ ಪಾಯಸ ಮಾಡಿದೆ. ಅವಸರಪಟ್ಟೆ.

ಏಕೆಂದರೆ ಕಟ್ಟಿಸಿಕೊಳ್ಳುವುದು ಬೇರೆ, ಕೆಲಸ ಮಾಡುವುದು ಬೇರೆ ಎಂಬ ಸರ್ಕಾರಿ ಸೂಕ್ಷ್ಮ ತಮಗೆ ತಿಳಿದಿತ್ತು. ಹನ್ನೆರಡನೇ ಹೆಜ್ಜೆಯಲ್ಲಿ, ಬೈಯುವ ಡಬ್ಬಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂದು ತಮಗೆ ತಿಳಿಸಬೇಕಾಗಿತ್ತು. ಆಗ ಮತ್ತೆ ಬಂದಿದ್ದ ಸಿದ್ದರಾಜು ಅವರು ನೋಟ್‌ಬುಕ್ ನೋಡದೆಯೇ, "ಎಲ್ಲಾ ಒಂದೇ ಮನೇಲಿದೆಯಲ್ಲ ಅತ್ಗೆ, ಲೋಕಲ್‌ಹೋಸ್ಟ್ ಅಂತ ಹಾಕುದ್ರೆ ಆಯ್ತು," ಎಂದು ಅದನ್ನೇ ಹಾಕಿದರು. ತಾವು ತಕ್ಷಣ 'ಕನೆಕ್ಷನ್ ರೆಫ್ಯೂಸ್ಡ್' ಎಂದಿರಿ. ಆಮೇಲೆ ಸುಮೇಧ ಬಿಡಿಸಿ ಹೇಳಿದರು: ಡಬ್ಬಿಯೊಳಗೆ ಕುಳಿತವರಿಗೆ ಲೋಕಲ್‌ಹೋಸ್ಟ್ ಎಂದರೆ ಮನೆಯಲ್ಲ, ಅವರ ಸ್ವಂತ ಡಬ್ಬಿ ಮಾತ್ರ. ಅಂದರೆ ತಾವು ತಮ್ಮ ಬಾಗಿಲನ್ನು ತಾವೇ ತಟ್ಟಿ, ಯಾರೂ ಇಲ್ಲವೆಂದು ತಾವೇ ಉತ್ತರಿಸಿ, ನಿರಾಕರಿಸಲಾಗಿದೆ ಎಂದು ನನಗೆ ದೂರು ಬರೆಯುತ್ತಿದ್ದಿರಿ. ಇಷ್ಟು ಸ್ವಾವಲಂಬಿಯಾದ ಇಲಾಖೆಯನ್ನು ನಾನು ಕೇಳಿಯೂ ಇರಲಿಲ್ಲ. ಅರ್ಜಿದಾರರೂ ತಾವೇ, ಗುಮಾಸ್ತರೂ ತಾವೇ, ಊಟದ ವಿರಾಮಕ್ಕೆ ಎದ್ದು ಹೋದವರೂ ತಾವೇ.

"ಅಲ್ಲಿ ಅಂಕಲ್ ಇಟ್ಟಿರೋ ಹೆಸರೇ ಬರ್ಬೇಕು ಆಂಟಿ. ಬುಕ್ಕಲ್ಲಿ ಏನಿದೆಯೋ ನೋಡಿ ಟೈಪ್ ಮಾಡ್ಬಿಡಿ, ನಂಗೊಂದು ಕಾಲ್ ಇದೆ," ಎಂದು ಸುಮೇಧ ಮೇಲಕ್ಕೆ ಓಡಿದರು. ಅದು ಕಳೆದ ಶುಕ್ರವಾರ.

ನಾನು ನೋಟ್‌ಬುಕ್ ತೆರೆದೆ. ಬಲಗಡೆಯ ಪುಟದ ಕೊನೆಯ ಸಾಲು. "೧೨. ಇಲ್ಲಿ ಬೈಯುವ ಡಬ್ಬಿಯ ಹೆಸರು ಬರೆಯುವುದು. ಅದು ನನ್ನ ಹೆಸರೇ. ಇಂಗ್ಲಿಷ್ ಸಣ್ಣಕ್ಷರ, ಇನಿಶಿಯಲ್ ಬೇಡ."

ಇಲ್ಲಿ ಬೋರ್ಡು ಓದುವ ಚಿಕ್ಕ ವಯಸ್ಸಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಬರೆಯುವುದೂ ಇಲ್ಲ. ಮದುವೆಯಾಗಿ ಮನೆ ತುಂಬುವಾಗ ನಾದಿನಿಯರು ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೆ ಒಳಗೆ ಎಂದು ಹಟ ಹಿಡಿದಾಗ ಒಮ್ಮೆ ಹೇಳಿದ್ದೇನೆ, ಅದೂ ಹೊಸಿಲಿಗೆ ಕೇಳಿಸುವಷ್ಟು. ಆಮೇಲೆ ಮೂವತ್ತಾರು ವರ್ಷ ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ್ದೇನೆ. ಆಸ್ಪತ್ರೆಯಲ್ಲಿ ನರ್ಸಮ್ಮ, "ಪೇಷಂಟ್ ಹೆಸ್ರೇನಮ್ಮಾ, ಬೇಗ ಹೇಳಿ," ಎಂದಾಗ ಆಧಾರ್ ಕಾರ್ಡ್ ಕೊಟ್ಟಿದ್ದೇನೆ. ಕೊನೆಯ ಸರ್ಟಿಫಿಕೇಟಿನ ಅರ್ಜಿಯನ್ನು ಸಿದ್ದರಾಜು ಅವರು ತುಂಬಿದರು, ನಾನು ಕೆಳಗೆ ರುಜು ಮಾಡಿದೆ. ನನ್ನ ರುಜುವಿನಲ್ಲೂ ಹೆಸರಾದ ಮೇಲೆ 'ಜಿ.' ಎಂಬ ಒಂದೇ ಅಕ್ಷರ. ಇದರಿಂದ ಆಯುಷ್ಯ ಹೆಚ್ಚುತ್ತದೆಂದು ನಮ್ಮ ತಾಯಿ ಹೇಳುತ್ತಿದ್ದರು. ಎಷ್ಟು ಹೆಚ್ಚಿತೋ ತಿಳಿಯದು. ಅಭ್ಯಾಸವಂತೂ ಉಳಿಯಿತು.

ಆದ್ದರಿಂದ ತಮಗೆ ಹೇಳುವ ಕಡೆಯಲ್ಲಿ ನಾನು ಮರ್ಯಾದೆಯಾಗಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ, 'ಯಜಮಾನರು' ಎಂದು ಟೈಪ್ ಮಾಡಿದೆ. ಕರೆದರೆ ಯಾರೆಂದು ತಿಳಿಯಬೇಕು, ಅಷ್ಟೇ ತಾನೆ. ಈ ಮನೆಯಲ್ಲಿ ಯಜಮಾನರು ಎಂದರೆ ಇನ್ನು ಯಾರು? ಹೂವಿನವಳಿಗೆ ಗೊತ್ತು, ಗ್ಯಾಸಿನವರಿಗೆ ಗೊತ್ತು, ಗೇಟಿನ ಬಳಿ ಮಲಗುವ ಕಂದು ನಾಯಿಗೂ ಗೊತ್ತು. ಅವರು ಬರೆದ ಫೈಲನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿದ ತಾವು ಮಾತ್ರ, ಯಜಮಾನರು ಎಂಬ ಹೆಸರಿನವರು ಯಾರೂ ಇಲ್ಲ ಎಂದು ಶುಕ್ರವಾರದಿಂದ ಬರೆಯುತ್ತಿದ್ದೀರಿ. ಹೆಸರು ಸಿಗುತ್ತಿಲ್ಲವೆಂಬ ಮಾತು ಕೇಳಿದ ಸುಮೇಧ, ಮತ್ತೆ ಅದೇ ವಿಳಾಸದ ಪುಸ್ತಕದ ಕಾಯಿಲೆ ಬಂತೆಂದು ನಾಲ್ಕು ದಿನದಿಂದ ರೂಟರ್ ಬಿಚ್ಚಿ ಹಾಕಿ ಮಾಡುತ್ತಿದ್ದಾರೆ. ಸಿದ್ದರಾಜು ಅವರು ಇನ್ನೂ ಎರಡು ಕೆಜಿ ಉಪ್ಪು ತಂದಿಟ್ಟು ಹೋಗಿದ್ದಾರೆ.

ಮೊನ್ನೆ ಶನಿವಾರ ನೀರು ಬಂತು. ನಾನು ಮೋಟರ್ ಹಾಕಿ ಎಂದಿನಂತೆ ಅಡುಗೆಮನೆಗೆ ಹೋದೆ. ಯಾರೂ ಬೈಯಲಿಲ್ಲ. ಹೊರಗೆ ಬಂದು ನೋಡಿದರೆ ನಮ್ಮ ಗೇಟಿನಿಂದ ಪಾರ್ಕಿನವರೆಗೂ ನೀರು. ಪಕ್ಕದ ಮನೆಯ ಶಿವಬಸಮ್ಮನವರು, ಎಪ್ಪತ್ತೈದು ವರ್ಷದವರು, ಸೀರೆ ಎತ್ತಿ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಏನ್ ಉಮಕ್ಕ, ನಿಮ್ಮೆಜಮಾನ್ರು ಇವತ್ತೂ ಬೈಲಿಲ್ವಲ್ಲ? ನಮ್ ಟ್ಯಾಂಕೂ ಹರಿದೋಯ್ತು ನೋಡಿ!"

"ಮಿಷನ್ ಕೆಟ್ಟಿದೆ ಶಿವಬಸಮ್ಮ."

"ಬೇಗ ಸರಿ ಮಾಡಿಸ್ರೀ. ನಮ್ಮನೇವ್ರು ಇದ್ದಾಗ್ಲೂ ನಂಗೆ ಇಷ್ಟು ಸಮಯಕ್ಕೆ ಸರಿಯಾಗಿ ಯಾರೂ ಬೈತಿರ್ಲಿಲ್ಲ," ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಾಗಿಲ ಮುಂದೆ ತೇಲುತ್ತಿದ್ದ ಚಪ್ಪಲಿಗಳನ್ನು ಹಿಡಿದು ಒಳಗಿಟ್ಟೆ.

ಸುಮೇಧ ಒಳ್ಳೆಯವರು. ನನ್ನ ಮುಖ ನೋಡಿ ಆ ಹದಿನಾಲ್ಕು ಸೆಕೆಂಡಿನ ಧ್ವನಿಯನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. "ಯಾವಾಗ ಬೇಕೋ ಆವಾಗ ಒತ್ತಿ ಕೇಳ್ಬೋದು ಆಂಟಿ," ಎಂದರು. ಒಂದು ಸಲ ಒತ್ತಿದೆ. ಬೈದರು, ಕುಕ್ಕರೂ ಕೂಗಿತು. ಮತ್ತೆ ಒತ್ತಲಿಲ್ಲ. ನಾನು ಹೇಳಿದಾಗ ಬೈಯುವವರು ನಮ್ಮ ಯಜಮಾನರಲ್ಲ. ನಾನು ಒಗ್ಗರಣೆಯ ಮುಂದೆ ನಿಂತು ಎಲ್ಲ ಮರೆತಿರುವಾಗ, ಕೇಳದೆ ಇರುವಾಗ, ಬೀದಿಯವರ ಮುಂದೆ ಮರ್ಯಾದೆ ತೆಗೆದು ಬೈಯಬೇಕು. ಅದಕ್ಕೆ ತಾವೇ ಬೇಕು, ಮಾನ್ಯರೇ. ಇದೇ ನನ್ನ ದೂರಿನ ತಿರುಳು. ತಮ್ಮನ್ನು ಬಿಟ್ಟು ಬದುಕುವ ದಾರಿ ಇದ್ದಿದ್ದರೆ ಎರಡನೇ ದಿನವೇ ತಮ್ಮನ್ನು ಗುಜರಿಗೆ ಹಾಕಿ, ಬಂದ ಕಾಸಿಗೆ ಬೆಳ್ಳುಳ್ಳಿ ತರುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು. ತಾವು ವಾರಕ್ಕೊಂದು ದಿನವಾದರೂ ಹತ್ತರಿಂದ ಒಂದರವರೆಗೆ ಒಂದು ಕಿಟಕಿ ತೆರೆದು ಕೂರಬೇಕು, ನಾನು ಟೋಕನ್ ಹಿಡಿದು ಮಹಡಿ ಮೆಟ್ಟಿಲವರೆಗೂ ಸಾಲಿನಲ್ಲಿ ನಿಲ್ಲಲು ಸಿದ್ಧ, ಸಾಲಿನಲ್ಲಿ ನಾನೊಬ್ಬಳೇ ಆದರೂ ಸರಿ. ನಿರಾಕರಣೆಯನ್ನು ಕನ್ನಡದಲ್ಲಿ, ಕಾರಣ ಸಹಿತ, ಗುಂಡು ಮುದ್ರೆ ಒತ್ತಿ ಕೊಡಬೇಕು. ತಾತ್ಕಾಲಿಕ ಎಂದು ಬರೆದ ಕಡೆಯಲ್ಲೆಲ್ಲ ಯಾವ ತಾರೀಖಿನವರೆಗೆ ಎಂಬುದನ್ನು ನಮೂದಿಸಬೇಕು. ಸಾಧ್ಯವಾದರೆ ನಮ್ಮ ಗೇಟಿನ ಕಂದು ನಾಯಿಯನ್ನು ಮೂರು ತಿಂಗಳು ಸಲಹೆಗಾರನನ್ನಾಗಿ ನೇಮಿಸಿಕೊಳ್ಳಬೇಕು. ಅದಕ್ಕೆ ಇಂಗ್ಲಿಷ್ ಬಾರದು, ಆದರೆ ಯಾರನ್ನು ಯಾವ ಹೆಸರಿನಿಂದ ಕರೆದರೂ ಯಾರೆಂದು ತಿಳಿಯುತ್ತದೆ. ಇವಿಷ್ಟನ್ನು ನಡೆಸಿಕೊಟ್ಟರೆ ಸಂಘದ ವತಿಯಿಂದ ತಮಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪೇಟ ತೊಡಿಸಲು ತಮಗೆ ತಲೆ ಇದೆಯೇ ಎಂಬ ವಿಷಯದಲ್ಲಿ

ಮಧ್ಯಾಹ್ನ ಮೂರೂವರೆ ಗಂಟೆ.

ಮೇಲಿನ ವಾಕ್ಯ ಮುಗಿಯುವ ಮೊದಲೇ ಬಾಗಿಲು ಬಡಿದ ಸದ್ದಾಗಿ ಎದ್ದೆ. ಬಂದವರು ಸುಮೇಧ. ಮಧ್ಯೆ ಆದದ್ದು: ಒಂದು ಗಂಟೆ ಕಂಪ್ಯೂಟರ್ ಮುಂದೆ ಕುಳಿತರು. ಊಟ ಮಾಡಿ ಎಂದೆ, ಇಲ್ಲೇ ಮಾಡಿದರು. ತಿಳಿಸಾರು, ಹಪ್ಪಳ. ಹಪ್ಪಳ ಮುರಿಯುತ್ತ ಪರದೆ ನೋಡುತ್ತಿದ್ದವರು ಒಮ್ಮೆಲೇ ಕೇಳಿದರು:

"ಆಂಟಿ, ಒಂದ್ ಡೌಟು. ಈ 'ಯಜಮಾನರು' ಅನ್ನೋದು ಅಂಕಲ್ ಇಟ್ಟಿದ್ ಹೆಸ್ರೇ ತಾನೆ?"

"ಇಲ್ಲಪ್ಪ, ನಾನು ಹಾಕಿದ್ದು."

"ನೀವಾ? ನಾನು ಅಂಕಲ್ ಏನೋ ಜೋಕ್ ಮಾಡಿದಾರೆ ಅಂದ್ಕೊಂಡು ನಾಲ್ಕ್ ದಿನದಿಂದ ಅದನ್ನ ಮುಟ್ಟೇ ಇಲ್ವಲ್ಲ! ಬುಕ್ಕಲ್ಲಿ ಏನಿದೆ?"

"ಅವರ ಹೆಸರು ಹಾಕು ಅಂತಿದೆ."

"ಮತ್ತೆ ಅದನ್ನೇ ಹಾಕ್ಬೇಕು ತಾನೆ?"

ನಾನು ಹಪ್ಪಳದ ತಟ್ಟೆ ಮುಂದೆ ಸರಿಸಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಅವರಿಗೇ ತಿಳಿಯಿತು. ಅವರ ಅಜ್ಜಿಯೂ ಹಾಗೆಯೇ ಇದ್ದರಂತೆ. ನಗು ತಡೆಯಲಾರದೆ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ತೆಗೆದದ್ದನ್ನು ಇವತ್ತು ಮೊದಲ ಸಲ ನೋಡಿದೆ. "ಬೈಯೋ ಡಬ್ಬಿಗೆ ಅಂಕಲ್ ಹೆಸ್ರಿದೆ, ನೀರಿನ ಡಬ್ಬಿ ಯಜಮಾನ್ರನ್ನ ಹುಡುಕ್ತಿದೆ. ಹೆಂಗ್ ಸಿಗುತ್ತೆ ಆಂಟಿ ಪಾಪ?" ಎಂದು ನೋಟ್‌ಬುಕ್ ಎಳೆದುಕೊಂಡು, ಹನ್ನೆರಡನೇ ಹೆಜ್ಜೆ ಓದಿ, ಪುಟ ಮಗುಚಿದರು. ನಾನು ಈವರೆಗೆ ಮಗುಚದಿದ್ದ ಪುಟ. ಒಂದು ಹೆಜ್ಜೆ ಸರಿಯಾಗದೆ ಮುಂದಿನದಕ್ಕೆ ಹೋಗಕೂಡದೆಂದು ಬರೆದಿತ್ತಲ್ಲ.

ಓದಿದವರು ನಗು ನಿಲ್ಲಿಸಿ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಹದಿಮೂರನೆಯದರ ಮೇಲೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ನಮ್ಮ ಯಜಮಾನರ ಅಕ್ಷರ:

"ವಿಶೇಷ ಸೂಚನೆ. ೧೨ನೆಯದನ್ನು ಉಮಾ ಬರೆಯುವುದಿಲ್ಲ. ಬೇರೆ ಏನಾದರೂ ಬರೆದು ಯಂತ್ರವನ್ನು ಬೈಯುತ್ತಾಳೆ. ಸುಮೇಧನನ್ನು ಕರೆದು ಬರೆಸುವುದು. ಕಾಫಿ ಕೊಡುವುದು."

ಮಾನ್ಯರೇ, ಏಳು ತಿಂಗಳಾದ ಮೇಲೆ ಇದು ನನ್ನ ಕೈಗೆ ಸಿಕ್ಕಿದೆ. ತಮ್ಮ ಮೇಲೆ ನಾನು ದೂರು ಬರೆಯಲು ಕೂರುವ ಮೊದಲೇ ನನ್ನ ಮೇಲಿನ ದೂರು ದಾಖಲಾಗಿತ್ತು. ನನಗೆ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು. ಬೆನ್ನ ಹಿಂದೆ ನನ್ನ ಬಗ್ಗೆ ಪೆನ್ಸಿಲಿನಲ್ಲಿ ಬರೆದಿಟ್ಟು, ಅದನ್ನು ಮೇಲಿನ ಬಾಡಿಗೆದಾರರು ಓದುವ ಹಾಗೆ ಮಾಡಿ, ಅವರು ಮಾತ್ರ ಹೋಗಿಬಿಡುವುದು ಎಂದರೆ ಏನರ್ಥ? ಉಮಾ ಬರೆಯುವುದಿಲ್ಲವಂತೆ.

ಸುಮೇಧ ಮೆಲ್ಲಗೆ, "ನಾನೇ ಹಾಕ್ಬಿಡ್ತೀನಿ ಆಂಟಿ, ಎರಡ್ ಸೆಕೆಂಡು," ಎಂದರು.

"ನಿಮಗೆ ಮೀಟಿಂಗ್ ಇಲ್ವಾ?" ಎಂದೆ.

ಅವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮೇಲಕ್ಕೆ ಹೋದರು. ಕಾಫಿ ಕೊಟ್ಟೇ ಕಳಿಸಿದೆ, ಸೂಚನೆಯಲ್ಲಿ ಇತ್ತಲ್ಲ.

ಆಮೇಲೆ ಕುರ್ಚಿ ಎಳೆದುಕೊಂಡೆ. ನನ್ನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಅಳಿಸಿದೆ. ಒಂದು ಬೆರಳಿನಲ್ಲಿ ಅವರ ಹೆಸರನ್ನು ಹಾಕಿದೆ. ಕೊನೆಯಲ್ಲಿ ಒಂದೇ ಅಕ್ಷರ ಎರಡು ಸಲ ಬರಬೇಕು, ಮೊದಲ ಸಲ ಒಂದೇ ಬಂತು, ತಿದ್ದಿದೆ. ಬಾಯಲ್ಲಿಯೂ ಒಂದು ಸಲ ಹೇಳಿಕೊಂಡೆ, ಕಾಗುಣಿತ ಸರಿಯಿದೆಯೇ ಎಂದು ನೋಡಲು. ಮನೆಯಲ್ಲಿ ಯಾರೂ ಇರಲಿಲ್ಲ. ಏನೂ ಆಗಲಿಲ್ಲ, ಗಡಿಯಾರ ನಡೆಯುತ್ತಿತ್ತು. ಗುಂಡಿ ಒತ್ತಿದೆ. ತಾವು ಮೂರು ಸಾಲು ಏನೋ ಗೊಣಗಿ, ನಾಲ್ಕನೆಯ ಸಾಲಿನಲ್ಲಿ 'ಕನೆಕ್ಟೆಡ್' ಎಂದು ಬರೆದು ಸುಮ್ಮನಾದಿರಿ. ಹನ್ನೊಂದು ದಿನದಲ್ಲಿ ತಾವು ಬಾಯಿ ಮುಚ್ಚಿದ್ದನ್ನು ಮೊದಲ ಸಲ ಕಂಡೆ.

ಸುಮೇಧ ಮೆಟ್ಟಿಲಿನಿಂದಲೇ ಕೂಗಿ, ಟ್ಯಾಂಕಿನ ವೈರನ್ನು ಒಂದು ಬಕೆಟ್ ನೀರಿಗೆ ಅದ್ದಿದರೆ ಈಗಲೇ ಬೈಯುವುದನ್ನು ಪರೀಕ್ಷಿಸಬಹುದು ಎಂದರು. ಬೇಡವೆಂದೆ. ಬಕೆಟ್ ನೀರಿಗೆ ಬೈಯುವಷ್ಟು ಸಣ್ಣವರಲ್ಲ ಅವರು. ಹರಿದರೆ ಬೈಯಲಿ.

ಇಂತಿರುವಾಗ ಮೇಲೆ ಬರೆದ ದೂರುಗಳಲ್ಲಿ ಕಡೆಯ ನಾಲ್ಕು ದಿನದ್ದನ್ನು ನಾನು ಹಿಂದಕ್ಕೆ ಪಡೆಯಬೇಕಾಗಿದೆ. ಪಡೆದಿದ್ದೇನೆ. ತಾವು ಯಜಮಾನರು ಎಂಬ ಹೆಸರಿನವರು ಇಲ್ಲವೆಂದು ಹೇಳಿದ್ದು ಅಕ್ಷರಶಃ ಸರಿ. ಬೇರೆ ಯಾರಾದರೂ ಹೀಗೆ ಏಳು ತಿಂಗಳಿನಿಂದ ಎಲ್ಲರೂ ಸುತ್ತಿ ಬಳಸಿ ಹೇಳುತ್ತಿರುವುದನ್ನು ನನ್ನ ಮುಖಕ್ಕೇ ಐದು ಸೆಕೆಂಡಿಗೊಮ್ಮೆ ಹೇಳಿದ್ದರೆ ಮನೆಯೊಳಗೆ ಬಿಡುತ್ತಿರಲಿಲ್ಲ. ತಾವು ಯಂತ್ರವಾದ್ದರಿಂದ ಹೊದಿಕೆಯನ್ನು ಒಗೆದು ಮತ್ತೆ ಹೊದಿಸುತ್ತೇನೆ. ಮೊದಲ ವಾರದ ದೂರುಗಳು ಹಾಗೆಯೇ ನಿಂತಿರುತ್ತವೆ. ಕರಿಬೇವಿನ ಗಿಡದ ವಿಷಯವನ್ನು ಸಿದ್ದರಾಜು ಅವರ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ.

ಇಷ್ಟೆಲ್ಲ ಆದಮೇಲೂ, ಬೇರೆ ಗತಿಯಿಲ್ಲದೆ, ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಉಮಾಮಹೇಶ್ವರಿ ಗುರುಬಸಪ್ಪ

ಮರೆತ ಮಾತು: ತಾವು ಬಾಯಿ ಮುಚ್ಚಿದಿರೆಂದು ಬರೆದದ್ದು ಅವಸರವಾಯಿತು, ಈಗ ಐದು ಸೆಕೆಂಡಿಗೊಮ್ಮೆ ಬೈಯುವ ಡಬ್ಬಿಯನ್ನು ಹೆಸರು ಹಿಡಿದು ಕರೆದು, ಇದ್ದೀರಾ ಎಂದು ವಿಚಾರಿಸುತ್ತಿರುವುದನ್ನು ಪರದೆಯ ಮೇಲೆ ನೋಡುತ್ತಿದ್ದೇನೆ. ನಾನು ಮೂವತ್ತಾರು ವರ್ಷದಲ್ಲಿ ಎರಡು ಸಲ ಹೇಳಿದ ಹೆಸರನ್ನು ತಾವು ಕಾಫಿ ಆರುವುದರೊಳಗೆ ನೂರು ಸಲ ಹೇಳಿದ್ದೀರಿ, ಅದೂ ಬರೀ ಹೆಸರು. ಹಿರಿಯರು, ಇಲಾಖೆಯಲ್ಲಿ ಸೀನಿಯರ್ ಆಗಿದ್ದವರು. ಹೆಸರಿನ ಕೊನೆಗೆ 'ಅವರೇ' ಎಂದು ಸೇರಿಸಲು ತಮಗೆ ಬರುವುದಿಲ್ಲವೆಂದು ಸುಮೇಧ ಹೇಳುತ್ತಾರೆ. ಕಲಿತುಕೊಳ್ಳಿ. ಅಲ್ಲಿಯವರೆಗೆ, ಟ್ಯಾಂಕ್ ಎಷ್ಟೇ ಹರಿದರೂ ಮೋಟರಿನ ಸ್ವಿಚ್ಚನ್ನು ನಾನಾಗಿ ಮುಟ್ಟುವುದಿಲ್ಲ, ಬೈಸಿಕೊಂಡೇ ಮುಟ್ಟುವುದು. ಬೀದಿಯವರು ಬಾಗಿಲ ಮುಂದಿನ ಚಪ್ಪಲಿಗಳನ್ನು ಒಳಗಿಟ್ಟುಕೊಳ್ಳಬೇಕು.

ನಾಳೆ ಬುಧವಾರ. ನೀರು ಆರೂವರೆಗೆ ಬರುತ್ತದೆ.